ಬಿಚ್ಚೋ ಮುಂಚೆ ಓಡ್ತಿತ್ತಲ್ಲ ಮೇಸ್ತ್ರಿ

ಕೆಟ್ಟ ಟ್ರ್ಯಾಕ್ಟರ್ ಎಳೆಸಿಕೊಂಡು ಬಂದವರಿಗೆ ಏನಾದರೂ ಸಮಾಧಾನ ಹೇಳಬಹುದು. ರಿಪೇರಿ ಮಾಡಿ, ಬಾನೆಟ್ ಒರೆಸಿ, ದುಡ್ಡು ಎಣಿಸಿಕೊಂಡ ಮೇಲೆ ಸ್ಟಾರ್ಟ್ ಆಗದಿದ್ದರೆ ಮಾತ್ರ ಹೇಳಲು ಏನೂ ಇರುವುದಿಲ್ಲ. "ಬಿಚ್ಚೋ ಮುಂಚೆ ಹೊಗೆ ಉಗುಳ್ಕೊಂಡಾದ್ರೂ ಓಡ್ತಿತ್ತಲ್ಲ ಮೇಸ್ತ್ರಿ, ಈಗ ದುಡ್ಡೂ ಹೋಯ್ತು, ಗಾಡೀನೂ ಹೋಯ್ತು" ಎಂದು ಗೌಡರು ಅಂದರೆ ತಲೆ ತಗ್ಗಿಸಿ ಸ್ಪ್ಯಾನರ್ ಹುಡುಕಬೇಕು, ಅಷ್ಟೆ. ಹುಳಿಯಾರಿನಲ್ಲಿ ಈ ಮಾತು ಬೀಳದ ಗ್ಯಾರೇಜು ಇಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಸೀಮೆಎಣ್ಣೆ ತಟ್ಟೆಯಲ್ಲಿ ನಟ್ಟು ಬೋಲ್ಟು ತೊಳೆಯುವ ಹುಡುಗನಾಗಿ ಸೇರಿದವನು ನಾನು. ನಮ್ಮ ಕಸುಬಿನ ಚರಿತ್ರೆ ಬರೆಯುವುದಾದರೆ ಮೊದಲ ಟ್ರ್ಯಾಕ್ಟರ್ ಯಾರ ಮನೆಗೆ ಬಂತು, ಯಾರು ಪೂಜೆ ಮಾಡಿದರು ಅನ್ನುವುದರಿಂದ ಬರೆಯಬಾರದು. ಸ್ಟಾರ್ಟ್ ಆಗದ ಇಂಜಿನ್ ಎದುರು ನಿಂತ ಮೆಕ್ಯಾನಿಕ್ ಮೊದಲು ಯಾವುದರ ಮೇಲೆ ಅನುಮಾನ ಪಟ್ಟ, ಆ ಅನುಮಾನ ಕಾಲಕಾಲಕ್ಕೆ ಎಲ್ಲಿಂದ ಎಲ್ಲಿಗೆ ಸರಿಯಿತು, ಅದರಿಂದ ಬರೆಯಬೇಕು.

ಈ ದೂರಿಗೆ ನಮ್ಮ ಕಡೆ ಒಂದು ಋತು ಇದೆ. ರಾಗಿ ಒಕ್ಕಣೆ ಮುಗಿದು ಬೇಸಿಗೆ ಬಿದ್ದರೆ ಇಂಜಿನ್ ಬಿಚ್ಚಿಸುವ ಕಾಲ. ಲೈನರ್ ಪಿಸ್ಟನ್ ಹಾಕಿಸುವವರು, ಹೆಡ್ ಮಾಡಿಸುವವರು ಎಲ್ಲ ಆಗಲೇ ಬರುವುದು. ಜೋಡಿಸಿ ನಿಲ್ಲಿಸಿದ ಗಾಡಿಗೆ ನಿಜವಾದ ಪರೀಕ್ಷೆ ಅಶ್ವಿನಿ, ಭರಣಿ ಮಳೆಗೆ. ಪೂರ್ವ ಮುಂಗಾರಿನಲ್ಲಿ ಹೆಸರು, ಅಲಸಂದೆ, ಎಳ್ಳು ಬಿತ್ತುವ ಸೀಮೆ ಇದು. ಕೆಂಪು ಮಣ್ಣು, ಮಳೆ ಬಿದ್ದ ಮಾರನೇ ದಿನ ಹದ ಇರುತ್ತದೆ, ಎರಡು ಬಿಸಿಲು ಕಾದರೆ ಇಲ್ಲ. ಹೀಗಾಗಿ ಭರಣಿ ಮಳೆ ಬಂದ ಬೆಳಗ್ಗೆ ಸ್ಟಾರ್ಟ್ ಆಗದ ಟ್ರ್ಯಾಕ್ಟರ್ ಅಂದರೆ ಆ ವರ್ಷದ ಹೆಸರುಕಾಳು ಹೋಯಿತು ಅಂತಲೇ ಲೆಕ್ಕ. ತೋಟದ ಉಳುಮೆ ಒಂದು ವಾರ ತಡವಾದರೆ ತೆಂಗಿನ ಮರ ಏನೂ ಅನ್ನುವುದಿಲ್ಲ. ಹೊಲ ಹಾಗಲ್ಲ.

ಟ್ರ್ಯಾಕ್ಟರಿಗಿಂತ ಮೊದಲು ಡೀಸಲ್ ಇಂಜಿನ್ ಈ ಊರುಗಳಿಗೆ ಬಂದದ್ದು ಬಾವಿ ದಂಡೆಗೆ. ಕರೆಂಟು ಕಾಣದ ತೋಟಗಳಲ್ಲಿ ಕಿರ್ಲೋಸ್ಕರ್ ಕಂಪನಿಯ ನಿಂತ ಇಂಜಿನ್ನುಗಳು ಕಪಿಲೆ ಬಾನೆಯ ಜಾಗಕ್ಕೆ ಬಂದವು. ಮೇಲಿನ ಲಿವರ್ ಎತ್ತಿ ಕಂಪ್ರೆಷನ್ ಬಿಟ್ಟು, ಹ್ಯಾಂಡಲ್ ಹಾಕಿ ಜೋರಾಗಿ ಸುತ್ತಿ, ವೇಗ ಹಿಡಿದ ಕೂಡಲೇ ಲಿವರ್ ಕೆಡವಿದರೆ ಡಬ್ ಡಬ್ ಎಂದು ಹತ್ತುತ್ತಿತ್ತು. ಹ್ಯಾಂಡಲ್ ಹಿಂದಕ್ಕೆ ಹೊಡೆದು ಮಣಿಕಟ್ಟು ಮುರಿದುಕೊಂಡವರು ಊರಿಗೊಬ್ಬರಾದರೂ ಇದ್ದರು. ಹತ್ತದಿದ್ದರೆ ಅನುಮಾನ ಒಂದೇ: ಏರ್ ಹಿಡಿದಿದೆ. ಡೀಸಲ್ ಪೈಪಿನ ನಟ್ಟು ಸಡಿಲಿಸಿ, ಗುಳ್ಳೆ ಹೋಗುವ ತನಕ ಸುತ್ತಿ, ಮತ್ತೆ ಬಿಗಿ ಮಾಡುವುದು. ನಮ್ಮ ಮೇಸ್ತ್ರಿ ಕಲಿತದ್ದು ಆ ಬಾವಿ ಇಂಜಿನ್ನುಗಳಲ್ಲಿ, ಆಮೇಲೆ ಲಾರಿಗಳಲ್ಲಿ. ಹಿರಿಯೂರು, ಸಿರಾ, ಅರಸೀಕೆರೆ, ಚಿಕ್ಕನಾಯಕನಹಳ್ಳಿ ರಸ್ತೆಗಳು ಕೂಡುವ ಊರಾದ್ದರಿಂದ ಹುಳಿಯಾರಿನಲ್ಲಿ ಕೆಟ್ಟು ನಿಲ್ಲುವ ಲಾರಿಗೆ ಬರ ಇರಲಿಲ್ಲ. ಟ್ರ್ಯಾಕ್ಟರ್ ರಿಪೇರಿಗೆಂದೇ ಯಾರೂ ಶಾಲೆಗೆ ಹೋಗಿ ಬಂದವರಲ್ಲ. ಸರ್ಕಾರ 1955ರಲ್ಲೇ ಮಧ್ಯಪ್ರದೇಶದ ಬುದ್ನಿಯಲ್ಲಿ ಟ್ರ್ಯಾಕ್ಟರ್ ತರಬೇತಿ ಕೇಂದ್ರ ತೆರೆದಿತ್ತು ಅನ್ನುವುದು ನನಗೆ ಗೊತ್ತಾಗಿದ್ದು ಕಸುಬು ಕಲಿತು ಬಹಳ ವರ್ಷವಾದ ಮೇಲೆ.

ದೇಶದಲ್ಲೇ ಟ್ರ್ಯಾಕ್ಟರ್ ತಯಾರಾಗತೊಡಗಿದ್ದು 1959ರಲ್ಲಿ. ಫರೀದಾಬಾದಿನಲ್ಲಿ ಐಷರ್ ಜರ್ಮನಿಯವರ ಜೊತೆ ಸೇರಿ ಗಾಳಿಯಲ್ಲೇ ತಣ್ಣಗಾಗುವ, ಒಂದೇ ಸಿಲಿಂಡರಿನ ಗಾಡಿ ತಂದಿತು. ಮರು ವರ್ಷ ಮದ್ರಾಸಿನಲ್ಲಿ ಟ್ಯಾಫೆ ಹುಟ್ಟಿತು, ಮ್ಯಾಸಿ ಫರ್ಗುಸನ್ ಜೊತೆ. 1963ರಲ್ಲಿ ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕೂಡಿಕೊಂಡರು, ಅದರಿಂದ ಬಿ-275 ಬಂತು. 1970ರ ದಶಕದ ಆರಂಭಕ್ಕೆ ಎಚ್‌ಎಂಟಿ ಜೆಕೊಸ್ಲೊವಾಕಿಯಾದ ಜೆಟರ್ ಗಾಡಿಯನ್ನು ಪಿಂಜೋರಿನಲ್ಲಿ ಮಾಡತೊಡಗಿತು. 1974ಕ್ಕೆ ಸ್ವರಾಜ್, ಅದು ನಮ್ಮವರದೇ ನಕ್ಷೆ. ನಮ್ಮ ಸೀಮೆಗೆ ಇವೆಲ್ಲ ಒಂದೇ ಸಲ ಬರಲಿಲ್ಲ. 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣವಾಗಿ, ಇತ್ತ ಭೂ ಅಭಿವೃದ್ಧಿ ಬ್ಯಾಂಕಿನವರೂ ಪಹಣಿ ಇಟ್ಟುಕೊಂಡು ಸಾಲ ಕೊಡಲು ಶುರು ಮಾಡಿದ ಮೇಲೆ ಒಂದೊಂದಾಗಿ ಬಂದವು. ತೆಂಗು ಇದ್ದವರ ಮನೆಗೆ ಮೊದಲು ಬಂತು. ಕೊಬ್ಬರಿ ಅಟ್ಟ ತುಂಬಿದವರಿಗೆ ಕಂತಿನ ಹೆದರಿಕೆ ಕಡಿಮೆ.

ಆದರೆ ಕಂತು ಅನ್ನುವುದು ಕೆಟ್ಟು ನಿಂತ ಗಾಡಿಗೂ ನಿಲ್ಲುವುದಿಲ್ಲ. ಬರ ಬಿದ್ದು ಬಾಕಿ ಬೆಳೆದ ಮೇಲೆ ಜಪ್ತಿಯ ಜೀಪು ಬರುತ್ತಿತ್ತು. 1980ರಲ್ಲಿ ರೈತಸಂಘ ಹುಟ್ಟಿ, ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದು ಎಂಬ ಬೋರ್ಡುಗಳು ಎದ್ದು, ಜಪ್ತಿಗೆ ಮರುಜಪ್ತಿ ನಡೆದದ್ದನ್ನು ಆ ಕಾಲದವರು ಮರೆತಿಲ್ಲ. ಗ್ಯಾರೇಜಿನ ಮಟ್ಟಿಗೆ ಹೇಳುವುದಾದರೆ, ಆ ದಿನಗಳಲ್ಲಿ ಇಂಜಿನ್ ಬಿಚ್ಚಿ ಹಾಕಿದ ಟ್ರ್ಯಾಕ್ಟರ್ ಎಷ್ಟು ದಿನವಾದರೂ ಜೋಡಿಸುವುದು ಬೇಡ ಎಂದವರೂ ಇದ್ದರು. ಚಕ್ರ ಇದ್ದು ಇಂಜಿನ್ ಇಲ್ಲದ ಗಾಡಿಯನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ?

ಟ್ರ್ಯಾಕ್ಟರ್ ಬಂದ ಮೇಲೆ ಅನುಮಾನ ಏರ್ ದಾಟಿ ಪಂಪಿಗೆ ಹೋಯಿತು. ಡೀಸಲ್ ಇಂಜಿನ್ನಿಗೆ ಪೆಟ್ರೋಲ್ ಗಾಡಿಯ ಹಾಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು, ಹದಿನೇಳನೆಯ ಒಂದು ಪಾಲಿಗೆ ಒತ್ತಿದಾಗ ಅದೇ ಕಾದು ನಿಲ್ಲುತ್ತದೆ. ಸರಿಯಾಗಿ ಆ ಗಳಿಗೆಗೆ ನಾಜಲ್ ಡೀಸಲನ್ನು ಮಂಜಿನ ಹಾಗೆ ಚಿಮ್ಮಬೇಕು. ಒಂದು ಗಳಿಗೆ ಹಿಂದುಮುಂದಾದರೆ ಹತ್ತುವುದಿಲ್ಲ. ಆ ಚಿಮ್ಮಿಸುವ ಪಂಪಿನ ಊರು ನಮಗೆ ದೂರವೇನಲ್ಲ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿ ಜರ್ಮನಿಯ ಬಾಷ್ ಜೊತೆ ಸೇರಿ ಆಡುಗೋಡಿಯಲ್ಲಿ ಪಂಪು, ನಾಜಲ್, ಪ್ಲಗ್ಗುಗಳನ್ನು ಮಾಡಿ ದೇಶಕ್ಕೆಲ್ಲ ಕೊಟ್ಟಿತು. 2008ರಲ್ಲಿ ಅದರ ಹೆಸರು ಬಾಷ್ ಆಯಿತು. ನಮ್ಮ ಬಾಯಲ್ಲಿ ಇವತ್ತಿಗೂ ಮೈಕೋ ಪಂಪೇ. ಅದರೊಳಗಿನ ಎಲಿಮೆಂಟು ತನ್ನ ಗೂಡಿನಲ್ಲಿ ಎಷ್ಟು ಬಿಗಿಯಾಗಿ ಕೂತಿರುತ್ತದೆ ಅಂದರೆ, ನಡುವಿನ ಸಂದು ತಲೆಗೂದಲಿನ ದಪ್ಪದ ಹತ್ತನೆಯ ಒಂದು ಪಾಲೂ ಇಲ್ಲ. ಅದನ್ನು ಗ್ಯಾರೇಜಿನ ಧೂಳಿನಲ್ಲಿ ಬಿಚ್ಚಬಾರದೆಂದು ಮೇಸ್ತ್ರಿ ಕೈಗೆ ಹೊಡೆದು ಕಲಿಸಿದರು. ಪಂಪು ಬಿಚ್ಚಿ, ಬಾಯಿಗಳಿಗೆ ಬಟ್ಟೆ ಕಟ್ಟಿ, ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತುಮಕೂರಿಗೆ ಹೋಗಿ ಕ್ಯಾಲಿಬ್ರೇಷನ್ ಮಾಡಿಸಿಕೊಂಡು ಬರುವುದು ನನ್ನ ಕೆಲಸ. ಬಸ್ಸಿನಲ್ಲಿ ಡೀಸಲ್ ವಾಸನೆಗೆ ಬೈಸಿಕೊಳ್ಳುವುದೂ ನನ್ನ ಕೆಲಸವೇ.

ಹೊಗೆ ನೋಡಿ ರೋಗ ಹೇಳುವುದನ್ನು ಕಲಿತದ್ದು ಆಗ. ಸೆಲ್ಫ್ ಹೊಡೆದಾಗ ಸೈಲೆನ್ಸರಿನಲ್ಲಿ ಹೊಗೆಯೇ ಇಲ್ಲವೆಂದರೆ ಡೀಸಲ್ ಒಳಗೆ ಹೋಗುತ್ತಿಲ್ಲ: ಟ್ಯಾಂಕಿನ ಕಾಕ್ ನೋಡು, ಫಿಲ್ಟರ್ ನೋಡು, ಏರ್ ತೆಗಿ, ಎಲ್ಲಕ್ಕಿಂತ ಮೊದಲು ಸ್ಟಾಪ್ ಕೇಬಲ್ ಎಳೆದೇ ಉಳಿದಿದೆಯಾ ನೋಡು. (ಈ ಕೊನೆಯದಕ್ಕೆ ಅರ್ಧ ದಿನ ಕಳೆದ ದೊಡ್ಡ ದೊಡ್ಡ ಮೆಕ್ಯಾನಿಕ್ಕುಗಳಿದ್ದಾರೆ, ಹೆಸರು ಬೇಡ.) ಬಿಳಿ ಹೊಗೆ ಬಂದರೆ ಡೀಸಲ್ ಹೋಗುತ್ತಿದೆ, ಸುಡುತ್ತಿಲ್ಲ: ಟೈಮಿಂಗ್ ತಪ್ಪಿದೆ, ಇಲ್ಲವೇ ಕಂಪ್ರೆಷನ್ ಇಲ್ಲ. ಹೊಸ ರಿಂಗ್ ಹಾಕಿದ ಇಂಜಿನ್ನಿಗೆ ಇನ್ನೊಂದು ಕಷ್ಟ. ಎಲ್ಲ ಬಿಗಿ, ಬ್ಯಾಟರಿ ಹಳೆಯದು, ಸೆಲ್ಫ್ ನಿಧಾನಕ್ಕೆ ಸುತ್ತುತ್ತದೆ. ನಿಧಾನಕ್ಕೆ ಒತ್ತಿದ ಗಾಳಿ ಕಾಯುವುದಿಲ್ಲ. ಎಷ್ಟೋ ಗಾಡಿಗಳು ಒಂದು ಒಳ್ಳೆ ಬ್ಯಾಟರಿ ಕೊಟ್ಟ ಮಾತ್ರಕ್ಕೆ ಹತ್ತಿವೆ, ಅಷ್ಟರಲ್ಲಿ ಪಂಪನ್ನು ಬಿಚ್ಚಿಬಿಟ್ಟಿರುತ್ತಾರೆ.

ತೊಂಬತ್ತರ ದಶಕದ ಒಂದು ಮ್ಯಾಸಿ 1035 ನನಗೆ ಚೆನ್ನಾಗಿ ನೆನಪಿದೆ. ಕೆಂಕೆರೆ ಕಡೆಯವರದು. ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಪೂರ್ತಿ ಇಂಜಿನ್ ಮಾಡಿಸಿದ್ದರು, ಹೊಸ ಲೈನರ್, ಪಿಸ್ಟನ್, ಹೆಡ್ ಗ್ಯಾಸ್ಕೆಟ್. ಅಲ್ಲಿ ಹತ್ತಲಿಲ್ಲ. ಎಳೆದುಕೊಂಡು ಓಡಿಸಿದರೆ ಹತ್ತುತ್ತದೆ ಅಂದರಂತೆ. ಬೋರನಕಣಿವೆ ರಸ್ತೆಯಲ್ಲಿ ಇನ್ನೊಂದು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದದ್ದೂ ಆಗಿತ್ತು. ಬಿಳಿ ಹೊಗೆ ರಾಶಿ ರಾಶಿ, ನಡುವೆ ಒಂದೊಂದು ಕೆಮ್ಮು. ಏರ್ ಕ್ಲೀನರ್ ಬಾಯಿಗೆ ಬಟ್ಟೆ ಸುಟ್ಟು ಹಿಡಿದರೂ ಅಷ್ಟೇ. ಆ ಮನೆಯ ಅಜ್ಜ ಮಾತ್ರ ಬೀಡಿ ಹಚ್ಚಿಕೊಂಡು, "ಎಲ್ಲಾ ಹೊಸದು ಹಾಕ್ದೆ ಅಂತೀಯ, ಹಳೇದೇನ್ ಮುಟ್ದೆ ಅದ್ ಹೇಳಪ್ಪ" ಅಂದರು. ನಾನು ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ಹರಿತವಾದದ್ದು ಇಲ್ಲ. ಹೊಸ ಸಾಮಾನು ಕೆಟ್ಟಿರುವುದು ಅಪರೂಪ. ದಾರಿಗೆ ಅಡ್ಡ ಇತ್ತೆಂದು ಬಿಚ್ಚಿ ಪಕ್ಕಕ್ಕಿಟ್ಟು ಮತ್ತೆ ಹಾಕಿದ ಹಳೆಯದೇ ಕೈ ಕೊಡುವುದು.

ಆ ಇಂಜಿನ್ನಿನಲ್ಲಿ ಮುಂದಿನ ಕವರ್ ಬಿಚ್ಚಿದ್ದರು. ಕ್ರ್ಯಾಂಕು, ಕ್ಯಾಮು, ಪಂಪು, ಮೂರರ ಹಲ್ಲುಚಕ್ರಗಳೂ ನಡುವಿನ ಐಡ್ಲರ್ ಚಕ್ರಕ್ಕೆ ಕೂಡುತ್ತವೆ, ಎಲ್ಲದರ ಮೇಲೂ ಗುರುತು ಕೊರೆದಿರುತ್ತದೆ. ಗುರುತಿಗೆ ಗುರುತು ಕೂಡಿಸಿ ಹಾಕುವುದು ಸುಲಭ. ತೊಂದರೆ ಆಮೇಲೆ. ಸರಿಯಾಗಿದೆಯಾ ನೋಡೋಣವೆಂದು ಇಂಜಿನ್ ಒಂದೆರಡು ಸುತ್ತು ತಿರುಗಿಸಿದರೆ ಐಡ್ಲರಿನ ಗುರುತು ಎಲ್ಲಿಗೋ ಹೋಗಿರುತ್ತದೆ. ಅದರ ಹಲ್ಲಿನ ಎಣಿಕೆ ಬೇರೆಯಾದ್ದರಿಂದ ಎಷ್ಟೋ ಸುತ್ತು ತಿರುಗಿಸಿದ ಮೇಲೇ ಮತ್ತೆ ಎಲ್ಲ ಎದುರುಬದುರು ಬರುವುದು. ಇದು ಗೊತ್ತಿಲ್ಲದವನು ಹೆದರಿ, ತಪ್ಪಿದೆ ಅಂದುಕೊಂಡು, ಸರಿಯಾಗಿದ್ದದ್ದನ್ನು ಒಂದು ಹಲ್ಲು ಸರಿಸಿಬಿಡುತ್ತಾನೆ. ಕವರ್ ಮತ್ತೆ ಬಿಚ್ಚುವ ಮುಂಚೆ ಪಂಪಿನ ಮಗ್ಗುಲ ಸಣ್ಣ ಮುಚ್ಚಳ ತೆಗೆದು, ಮೊದಲ ಸಿಲಿಂಡರ್ ಕಂಪ್ರೆಷನ್ನಿಗೆ ತಂದು ನಿಲ್ಲಿಸಿ, ಒಳಗಿನ ಗೆರೆ ನೋಡಿದೆ. ಕೂಡಬೇಕಾದ ಜಾಗ ಬಿಟ್ಟು ದೂರ ನಿಂತಿತ್ತು. ಕವರ್ ಬಿಚ್ಚಿ ಚಕ್ರ ಕೂಡಿಸಿ, ಫಿಲ್ಟರಿನಿಂದ ಪಂಪಿಗೆ, ಪಂಪಿನಿಂದ ನಾಜಲಿಗೆ, ಇದೇ ಸಾಲಿನಲ್ಲಿ ಏರ್ ತೆಗೆದು ಸೆಲ್ಫ್ ಕೊಟ್ಟರೆ ಒಂದು ಸಲ ಗದಗದನೆ ನಡುಗಿ ಹತ್ತಿತು. ಅಜ್ಜ ಬೀಡಿ ಕೆಳಗಿಟ್ಟು ಟ್ರ್ಯಾಕ್ಟರಿಗಲ್ಲ, ನನ್ನ ಟೂಲ್ ಬಾಕ್ಸಿಗೆ ಕೈ ಮುಗಿದರು. ನನಗೆ ಅದು ಸರಿಯೆನಿಸಿತು.

ಬಿ-275 ಬೇರೆ ಥರ. ನಾಲ್ಕು ಸಿಲಿಂಡರ್, ಉರಿಯುವ ಸರದಿ ಒಂದು, ಮೂರು, ನಾಲ್ಕು, ಎರಡು. ನಾಜಲ್ ಪೈಪುಗಳಲ್ಲಿ ಎರಡನ್ನು ಅದಲುಬದಲು ಮಾಡಿದರೆ ಕುಂಟುತ್ತಾ ಓಡಲು ನೋಡುತ್ತದೆ, ಓಡುವುದಿಲ್ಲ. ಎರಡು ಸಿಲಿಂಡರಿನ ಎಚ್‌ಎಂಟಿಯಲ್ಲಿ ಮೊದಲ ಪೈಪು ಬಿಚ್ಚಿ, ಕೈಯಲ್ಲಿ ನಿಧಾನಕ್ಕೆ ತಿರುಗಿಸಿ, ಪಂಪಿನ ಬಾಯಲ್ಲಿ ಡೀಸಲ್ ಕದಲುವ ಗಳಿಗೆ ನೋಡಿ ಟೈಮಿಂಗ್ ಹಿಡಿಯುತ್ತಿದ್ದೆವು. ಒಂದೊಂದು ಕಂಪನಿಗೂ ಒಂದೊಂದು ಮುನಿಸು. ಅದಕ್ಕೇ ಆ ಕಾಲದ ಮೆಕ್ಯಾನಿಕ್ಕುಗಳಲ್ಲಿ ಮ್ಯಾಸಿಯವರು, ಮಹೀಂದ್ರದವರು ಅಂತ ಪಂಗಡವೇ ಇತ್ತು, ಒಬ್ಬರ ಗಾಡಿಗೆ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ.

ಆಮೇಲೆ ಕೆಲಸದ ಸ್ವರೂಪವೇ ತಿರುಗಿತು. ರೋಣಗಲ್ಲು ಮೂಲೆ ಸೇರಿ ರಾಗಿ ಒಕ್ಕಣೆ ಟಾರು ರಸ್ತೆಗೆ ಬಂತು, ಟ್ರ್ಯಾಕ್ಟರ್ ಮೆದೆಯ ಮೇಲೆ ಸುತ್ತುತ್ತಾ ಹುಲ್ಲಿನ ಧೂಳೆಲ್ಲ ಏರ್ ಕ್ಲೀನರಿಗೆ ಹೋಯಿತು. ಚಿಕ್ಕನಾಯಕನಹಳ್ಳಿ ಗುಡ್ಡಗಳ ಅದಿರು ಸಾಗಿಸುವ ಲಾರಿಗಳು ಜೋರಾದಾಗ ನಮ್ಮ ಹುಡುಗರೆಲ್ಲ ಅತ್ತ ಓಡಿದರು; 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಕೆಲವರು ವಾಪಸ್ ಬಂದರು. ಬೋರ್‌ವೆಲ್ ಬತ್ತಿ ತೆಂಗಿನ ಸುಳಿ ಬಾಗಿದ ಬರದ ವರ್ಷಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ನೇಗಿಲಿರಲಿಲ್ಲ, ನೀರಿನ ಟ್ಯಾಂಕರ್ ಇತ್ತು. ರಾತ್ರಿ ಹಗಲು ಓಡಿ ಇಂಜಿನ್ ಸವೆದವು, ಮಾಡಿಸಲು ದುಡ್ಡು ಯಾರ ಬಳಿಯೂ ಇರಲಿಲ್ಲ.

2023ರ ಜನವರಿಯಿಂದ ಐವತ್ತು ಎಚ್‌ಪಿ ದಾಟಿದ ಹೊಸ ಟ್ರ್ಯಾಕ್ಟರಿಗೆಲ್ಲ ಹೊಸ ಹೊಗೆ ನಿಯಮ. ಪಂಪಿನ ಜಾಗಕ್ಕೆ ಕಾಮನ್ ರೈಲ್ ಬಂತು, ಡೀಸಲ್ ಚಿಮ್ಮುವ ಗಳಿಗೆಯನ್ನು ಹಲ್ಲುಚಕ್ರದ ಬದಲು ಒಂದು ಡಬ್ಬಿ ನಿರ್ಧರಿಸುತ್ತದೆ. ಸ್ಟಾರ್ಟ್ ಆಗದಿದ್ದರೆ ಕಂಪನಿ ಹುಡುಗ ಸ್ಕ್ಯಾನರ್ ತಂದು ವೈರು ಚುಚ್ಚುತ್ತಾನೆ. ಮೊನ್ನೆ ಅಂಥ ಒಂದು ಗಾಡಿ ಹತ್ತಿರ ನಾನೂ ಹೋಗಿ ನಿಂತಿದ್ದೆ. ಸ್ಕ್ಯಾನರ್ ಯಾವುದೋ ಸೆನ್ಸರ್ ಹೆಸರು ತೋರಿಸಿತು. ಹುಡುಗ ಅದನ್ನು ಬದಲಿಸಿದ, ಹತ್ತಲಿಲ್ಲ. ಕೊನೆಗೆ ಸಿಕ್ಕಿದ್ದು, ಸರ್ವೀಸಿನಲ್ಲಿ ಬಿಚ್ಚಿ ಸರಿಯಾಗಿ ಒತ್ತದೆ ಬಿಟ್ಟಿದ್ದ ಒಂದು ವೈರಿನ ಕನೆಕ್ಟರ್.

ನಮ್ಮ ಶೆಡ್ಡಿನ ಹಿಂದೆ ಹಳೆಯ ಎಚ್‌ಎಂಟಿಗಳ ಅಸ್ಥಿ ಬಿದ್ದಿದೆ. ಪಿಂಜೋರಿನ ಟ್ರ್ಯಾಕ್ಟರ್ ಕಾರ್ಖಾನೆ ಮುಚ್ಚುವ ತೀರ್ಮಾನವಾದದ್ದು 2016ರಲ್ಲಿ, ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಗೆ ಬೀಗ ಬಿದ್ದದ್ದೂ ಅದೇ ವರ್ಷದ ತೀರ್ಮಾನದಿಂದ. ಹೊಸ ಸಾಮಾನು ಬೆಂಗಳೂರಿನ ಜೆ.ಸಿ. ರೋಡಿನಲ್ಲೂ ಹುಡುಕಿದರಷ್ಟೇ ಸಿಗುತ್ತದೆ. ಓಡುತ್ತಿರುವವು ಓಡಲೆಂದು ಓಡದವುಗಳ ಹೆಡ್ಡು, ರಾಕರ್, ಪಂಪಿನ ಕವಚ ಬಿಚ್ಚಿ ಹಾಕುತ್ತೇವೆ. ಯಾವ ಸಾಮಾನು ಯಾವ ಗಾಡಿಯಿಂದ ತೆಗೆದದ್ದು ಅಂತ ಪೇಂಟಿನಲ್ಲಿ ಬರೆದಿಡುತ್ತೇನೆ, ಹತ್ತದಿದ್ದರೆ ಮೊದಲು ನೋಡಬೇಕಾದ ಜಾಗ ಅದೇ ಆದ್ದರಿಂದ. ಈ ಬೇಸಿಗೆಗೂ ಒಂದು ಬಂದಿದೆ. ಹೆಡ್ ಕೂಡಿಸಿ ಆಗಿದೆ, ಟ್ಯಾಪೆಟ್ ನಾಳೆ.