ತಂತಿ ದಾಟುವ ಲೆಕ್ಕ

ಪಿಕ್ ಹಿಡಿದು ಒಂದೇ ತಂತಿಯನ್ನು ವೇಗವಾಗಿ ಮೀಟುವುದು ಗಿಟಾರ್ ವಿದ್ಯಾರ್ಥಿಗೆ ಬಹಳ ದಿನದ ಕಷ್ಟವಲ್ಲ. 1962ರಲ್ಲಿ ಡಿಕ್ ಡೇಲ್ ನುಡಿಸಿದ 'ಮಿಸಿರ್ಲೂ' ಕೇಳಿದವರು ಬೆರಗಾಗುವುದು ಅದರ ಬಿರುಸಿಗೆ. ಆದರೆ ಅದರ ಪ್ರಸಿದ್ಧ ಆರಂಭ ಸಾಗುವುದು ದಪ್ಪನೆಯ ಒಂದೇ ತಂತಿಯ ಉದ್ದಕ್ಕೆ. ಕೈ ತಡವರಿಸುವುದು ಪಕ್ಕದ ತಂತಿಗೆ ದಾಟುವಾಗ. ಪಿಕ್ಕಿನ ವಿದ್ಯೆ ಬೆಳೆದು ಬಂದ ಕಥೆ ಬಹುಪಾಲು ಈ ದಾಟುವಿಕೆಯ ಕಥೆಯೇ.

ದಾಟಲು ಮುಖ್ಯವಾಗಿ ಎರಡು ದಾರಿ. ಆಲ್ಟರ್ನೇಟ್ ಪಿಕ್ಕಿಂಗಿನಲ್ಲಿ ಒಂದು ಮೀಟು ಡೌನ್ (ಕೆಳಕ್ಕೆ) ಆದರೆ ಮುಂದಿನದು ಅಪ್ (ಮೇಲಕ್ಕೆ). ತಂತಿ ಯಾವುದೇ ಇರಲಿ, ಸರದಿ ತಪ್ಪುವಂತಿಲ್ಲ. ಎಕಾನಮಿ ಪಿಕ್ಕಿಂಗಿನಲ್ಲೂ ಒಂದೇ ತಂತಿಯ ಮೇಲಿರುವಷ್ಟು ಹೊತ್ತು ಇದೇ ಸರದಿ. ದಾಟುವಾಗ ಮಾತ್ರ, ಪಿಕ್ ಯಾವ ಕಡೆಗೆ ಹೊರಟಿದೆಯೋ ಅದೇ ಓಟದಲ್ಲಿ ಮುಂದಿನ ತಂತಿಯನ್ನೂ ಮೀಟಿಬಿಡುತ್ತದೆ. ತಂತಿಗೆ ಮೂರು ಸ್ವರದಂತೆ ಸ್ಕೇಲ್ ಏರಿಸಿ ನೋಡಿ. ಮೊದಲ ಪದ್ಧತಿಯಲ್ಲಿ ಒಂದು ತಂತಿಗೆ ಡೌನ್-ಅಪ್-ಡೌನ್ ಬಂದರೆ ಮುಂದಿನದಕ್ಕೆ ಅಪ್-ಡೌನ್-ಅಪ್. ಎರಡನೆಯದರಲ್ಲಿ ಪ್ರತಿ ತಂತಿಗೂ ಡೌನ್-ಅಪ್-ಡೌನ್. ತಂತಿಗೆ ಎರಡೇ ಸ್ವರವಿದ್ದು ಡೌನ್‌ನಿಂದ ಏರಲು ಶುರುಮಾಡಿದರೆ ಎರಡು ಪದ್ಧತಿಗಳಿಗೂ ವ್ಯತ್ಯಾಸವೇ ಇಲ್ಲ. ಜಗಳವೆಲ್ಲ ಬೆಸ ಸಂಖ್ಯೆಯದು.

ಎಕಾನಮಿ ಪಿಕ್ಕಿಂಗ್ ಎಂಬತ್ತರ ದಶಕದ ಹೊಸ ಆವಿಷ್ಕಾರವೆಂಬ ನಂಬಿಕೆ ಅನೇಕರಲ್ಲಿದೆ. ಅದು ಸರಿಯಲ್ಲ. ಜಾಂಗೋ ರೈನ್‌ಹಾರ್ಟ್ 1930ರ ದಶಕದ ಪ್ಯಾರಿಸ್‌ನಲ್ಲಿ ನುಡಿಸುತ್ತಿದ್ದ ಕ್ರಮದಲ್ಲೇ ಅದರ ಅರ್ಧ ಭಾಗ ಇತ್ತು. 1928ರ ಬೆಂಕಿ ಅಪಘಾತದಲ್ಲಿ ಆತನ ಎಡಗೈಯ ಎರಡು ಬೆರಳು ಊನವಾದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಬಲಗೈಯ ಕಡೆ ನೋಡುವವರು ಕಡಿಮೆ. ಜಿಪ್ಸಿ ಜ್ಯಾಜ್ ಕಲಾವಿದರು ಇಂದಿಗೂ ಪಾಲಿಸುವ ಆ ಕ್ರಮದಲ್ಲಿ, ಹೊಸ ತಂತಿಗೆ ಹೋದಾಗಲೆಲ್ಲ ಮೊದಲ ಮೀಟು ಡೌನ್. ಡೌನ್ ಮೀಟಿದ ಪಿಕ್ ಕೆಳಗಿನ ತಂತಿಯ ಮೇಲೆ ಬಂದು ಕೂರುತ್ತದೆ, ಅಲ್ಲಿಂದಲೇ ಆ ತಂತಿಯನ್ನು ಮೀಟುತ್ತದೆ. ಹೀಗಾಗಿ ಏರುವಾಗ ಸಿಗುವುದು ಅಪ್ಪಟ ಎಕಾನಮಿ. ಇಳಿಯುವಾಗ ಮಾತ್ರ ಕೈ ಹಿಂದಕ್ಕೆ ಹಾರಿ ಮತ್ತೆ ಡೌನ್ ಮೀಟಬೇಕು. ಮೈಕಿಲ್ಲದ ಗಿಟಾರಿನಿಂದ ಗಟ್ಟಿ ನಾದ ತೆಗೆಯಲು ಇದಕ್ಕಿಂತ ಒಳ್ಳೆಯ ಉಪಾಯ ಸಿಗುವುದು ಕಷ್ಟ.

ಅಮೆರಿಕದ ಜ್ಯಾಜ್‌ನಲ್ಲಿ ಚಕ್ ವೇನ್ ಇಂಥದ್ದೇ ಒಂದು ಪದ್ಧತಿಯನ್ನು 'ಕನ್ಸೆಕ್ಯುಟಿವ್ ಪಿಕ್ಕಿಂಗ್' ಎಂಬ ಹೆಸರಿನಲ್ಲಿ ಕಲಿಸಿದರು. ಬ್ಲೂಗ್ರಾಸ್‌ನಲ್ಲಿ ಸ್ಟ್ಯಾನ್ಲಿ ಬ್ರದರ್ಸ್ ಜೊತೆ ನುಡಿಸಿದ ಜಾರ್ಜ್ ಷಫ್ಲರ್ ಮೂರು ತಂತಿಗಳ ಮೇಲೆ ಡೌನ್-ಡೌನ್-ಅಪ್ ಎಂದು ಉರುಳಿಸುವ ಕ್ರಾಸ್‌ಪಿಕ್ಕಿಂಗ್ ರೂಢಿಸಿಕೊಂಡರು. ಆದರೆ ಅದೇ ಸಂಗೀತದ ಮುಖ್ಯ ಪ್ರವಾಹ ಆಲ್ಟರ್ನೇಟ್ ಕಡೆಗೇ ಹರಿಯಿತು. ಡಾಕ್ ವಾಟ್ಸನ್ ಪಿಟೀಲಿನ ಕುಣಿತದ ಮಟ್ಟುಗಳನ್ನು ಗಿಟಾರಿಗೆ ತಂದವರು. ಕುಣಿಯುವವರ ಹೆಜ್ಜೆ ಬೀಳುವಲ್ಲಿ ಡೌನ್, ಹೆಜ್ಜೆ ಏಳುವಲ್ಲಿ ಅಪ್ ಬಂದರೆ ಲಯ ಕೈಯಲ್ಲೇ ನಿಲ್ಲುತ್ತದೆ.

ಈ ಲಯದ ಕಾರಣ ನಮ್ಮವರಿಗೂ ಹೊಸದಲ್ಲ. ಮೈಸೂರಿನ ರಾಜೀವ ತಾರಾನಾಥರ ಸರೋದ್ ಕೇಳಿದವರು ತೆಂಗಿನ ಚಿಪ್ಪಿನ ಜವಾದಿಂದ ಹೊರಡುವ 'ದಾ', 'ರಾ' ಬೋಲುಗಳ ಸರದಿಯನ್ನು ಬಲ್ಲರು. ಅಲ್ಲಿ ಮೀಟಿನ ದಿಕ್ಕೇ ಬೋಲು.

1970ರ ದಶಕದಲ್ಲಿ ಆಲ್ಟರ್ನೇಟ್ ಪಿಕ್ಕಿಂಗ್ ತನ್ನ ಶಿಖರ ಮುಟ್ಟಿತು. ಜಾನ್ ಮೆಕ್‌ಲಾಗ್ಲಿನ್ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ ಮೀಟಿ ಬೆಚ್ಚಿಬೀಳಿಸಿದರು. ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತು, 'ಶಕ್ತಿ' ತಂಡದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಜೊತೆ ಕೂತವರೂ ಅವರೇ. 1974ರಲ್ಲಿ, ಇನ್ನೂ ಇಪ್ಪತ್ತರ ಹೊಸ್ತಿಲಲ್ಲಿದ್ದ ಅಲ್ ಡಿ ಮಿಯೋಲಾ ಚಿಕ್ ಕೊರಿಯಾರ ರಿಟರ್ನ್ ಟು ಫಾರೆವರ್ ಸೇರಿದರು. 1977ರ 'ಎಲಿಗೆಂಟ್ ಜಿಪ್ಸಿ' ಅವರ ಬಲಗೈಯ ಕಟ್ಟುನಿಟ್ಟಿಗೆ ಸಾಕ್ಷಿ. 1980ರ ಡಿಸೆಂಬರ್ 5ರಂದು ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ಥಿಯೇಟರಿನಲ್ಲಿ ಇವರಿಬ್ಬರ ನಡುವೆ ಪಾಕೊ ಡಿ ಲೂಸಿಯಾ ಪಿಕ್ಕೇ ಇಲ್ಲದೆ ಎರಡು ಬೆರಳ ಸರದಿಯಲ್ಲಿ ಅದೇ ವೇಗ ಮುಟ್ಟಿದರು. ಸರದಿಯ ನಿಯಮ ಪಿಕ್ಕನ್ನೂ ಮೀರಿದ್ದು ಎಂಬುದಕ್ಕೆ ಆ ಕಚೇರಿಯ ಧ್ವನಿಮುದ್ರಣದಷ್ಟು ಒಳ್ಳೆಯ ಪುರಾವೆ ಬೇರೆ ಬೇಕಿಲ್ಲ.

ಆಗ ಬಂದವರು ಫ್ರಾಂಕ್ ಗ್ಯಾಂಬಾಲೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಹುಟ್ಟಿ, ಹಾಲಿವುಡ್‌ನ ಗಿಟಾರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಓದಿ, ಅಲ್ಲೇ ಕಲಿಸಿ, ಮುಂದೆ ಚಿಕ್ ಕೊರಿಯಾರ ಎಲೆಕ್ಟ್ರಿಕ್ ಬ್ಯಾಂಡಿಗೆ ಗಿಟಾರ್ ಹಿಡಿದರು. ಹಿಂದಿನವರು ಅಲ್ಲಲ್ಲಿ ಬಳಸುತ್ತಿದ್ದ ಜಾಣ್ಮೆಯನ್ನು ಗ್ಯಾಂಬಾಲೆ ಸಂಪೂರ್ಣ ವ್ಯಾಕರಣವನ್ನಾಗಿ ಕಟ್ಟಿದರು. ಅವರ ಸೂತ್ರ ಇಷ್ಟು: ಒಂದೇ ದಿಕ್ಕಿನಲ್ಲಿ ಸಾಗಬೇಕಾದರೆ ತಂತಿಗೆ ಬೆಸ ಸಂಖ್ಯೆಯ ಸ್ವರ, ಹಿಂತಿರುಗಬೇಕಾದರೆ ಸಮಸಂಖ್ಯೆ. ಎಲ್ಲರೂ ತಂತಿಗೆ ಎರಡರಂತೆ ನುಡಿಸುವ ಪೆಂಟಟಾನಿಕ್ ಸ್ಕೇಲನ್ನೂ ಅವರು ಒಂದು, ಮೂರು ಎಂದು ಹಂಚಿದರು. 1988ರ ಅವರ ಪಾಠದ ವಿಡಿಯೊ ಗಿಟಾರ್ ಕಲಿಯುವವರ ನಡುವೆ ದೊಡ್ಡ ಸುದ್ದಿಯಾಯಿತು. ಗಮನಿಸಬೇಕಾದ್ದೇನೆಂದರೆ, ಗ್ಯಾಂಬಾಲೆ ಬದಲಿಸಿದ್ದು ಬಲಗೈಯನ್ನು ಮಾತ್ರವಲ್ಲ. ಬಲಗೈಗೆ ಅನುಕೂಲವಾಗುವಂತೆ ಎಡಗೈಯ ಬೆರಳಿಡುವ ಜಾಗಗಳನ್ನೇ ಮರುಜೋಡಿಸಿದರು.

ಅದೇ ದಶಕದಲ್ಲಿ ಪಾಲ್ ಗಿಲ್ಬರ್ಟ್ ಆಲ್ಟರ್ನೇಟ್ ಪಕ್ಷದಲ್ಲಿ ನಿಂತರು. ಸ್ಟೀವ್ ಮೋರ್ಸ್ ಇನ್ನೂ ಮುಂದೆ ಹೋಗಿ, ತಂತಿಗೆ ಒಂದೇ ಸ್ವರವಿರುವ ಆರ್ಪೆಜಿಯೊಗಳನ್ನೂ ಸ್ವೀಪ್ ಮಾಡದೆ, ಅಂದರೆ ಒಂದೇ ಓಟದಲ್ಲಿ ಎಳೆಯದೆ, ಡೌನ್-ಅಪ್ ಸರದಿಯಲ್ಲೇ ನುಡಿಸಿದರು. ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ: ಸ್ವೀಪ್‌ನಲ್ಲಿ ಸ್ವರಗಳು ಜಾರುತ್ತವೆ, ಮೋರ್ಸ್ ಕೈಯಲ್ಲಿ ಪ್ರತಿ ಸ್ವರವೂ ತನ್ನ ಕಾಲ ಮೇಲೆ ನಿಲ್ಲುತ್ತದೆ.

ಎಲ್ಲಕ್ಕಿಂತ ಕುತೂಹಲಕಾರಿ ಪ್ರಕರಣ ಸ್ವೀಡನ್ನಿನ ಇಂಗ್ವೆ ಮಾಲ್ಮ್‌ಸ್ಟೀನ್ ಅವರದು. 1984ರ 'ರೈಸಿಂಗ್ ಫೋರ್ಸ್' ಬಂದ ಮೇಲೆ ಸಾವಿರಾರು ಹುಡುಗರು ಅದನ್ನು ಕಟ್ಟಾ ಆಲ್ಟರ್ನೇಟ್ ಎಂದುಕೊಂಡು ಅಭ್ಯಾಸ ಮಾಡಿ ಸೋತರು. ಅಮೆರಿಕದ ಟ್ರಾಯ್ ಗ್ರೇಡಿ ಗಿಟಾರಿಗೇ ಕ್ಯಾಮೆರಾ ಕೂರಿಸಿ ಪಿಕ್ಕಿನ ಚಲನೆಯನ್ನು ನಿಧಾನಗತಿಯಲ್ಲಿ ಪರಿಶೀಲಿಸುತ್ತ, 'ಕ್ರ್ಯಾಕಿಂಗ್ ದ ಕೋಡ್' ಸರಣಿಯಲ್ಲಿ ಈ ಒಗಟು ಬಿಡಿಸಿದರು. ಮಾಲ್ಮ್‌ಸ್ಟೀನ್ ಏರುವಾಗ ಎಕಾನಮಿ ಬಳಸುತ್ತಾರೆ. ಇಳಿಯುವಾಗ ಕೊನೆಯ ಸ್ವರವನ್ನು ಮೀಟದೆ ಎಡಗೈಯ ಪುಲ್-ಆಫ್‌ನಿಂದ ಹೊರಡಿಸಿ, ಮೀಟುಗಳ ಲೆಕ್ಕವನ್ನು ಸಮ ಮಾಡಿಕೊಳ್ಳುತ್ತಾರೆ. ಕಾರಣ ಪಿಕ್ಕಿನ ಓರೆ. ಅವರಂತೆ ಪಿಕ್ಕನ್ನು ವಾಲಿಸಿ ಹಿಡಿದರೆ ಅಪ್ ಮೀಟಿದಾಗ ಅದು ತಂತಿಗಳ ಮಟ್ಟದಿಂದ ಮೇಲೆದ್ದು ಸಲೀಸಾಗಿ ಬೇರೆ ತಂತಿಗೆ ಹೋಗಬಲ್ಲದು. ಡೌನ್ ಮೀಟಿದಾಗ ಎರಡು ತಂತಿಗಳ ನಡುವೆ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದ ಪಿಕ್ಕಿಗೆ ಮುಂದಿನ ತಂತಿಯನ್ನು ತಳ್ಳಿಕೊಂಡು ಹೋಗುವುದೇ ಸುಲಭ.

ಈ ವಿವರಣೆ ಬಂದ ಮೇಲೆ ಹಳೆಯ ಪಂಗಡಗಳ ಜಗಳಕ್ಕೆ ಅರ್ಥ ಉಳಿದಿಲ್ಲ. ಜಾಂಗೋ, ಮಾಲ್ಮ್‌ಸ್ಟೀನ್, ಗ್ಯಾಂಬಾಲೆ ಮೂವರೂ ತಮ್ಮ ಕೈ ದಾಟಬಲ್ಲ ಸ್ವರಸಾಲುಗಳನ್ನೇ ಹೆಚ್ಚಾಗಿ ಕಟ್ಟಿದರು. ಆದ್ದರಿಂದ ಆಯ್ಕೆ ಮಾಡಬೇಕಾದ್ದು ಪದ್ಧತಿಯನ್ನಲ್ಲ, ಆ ಹೊತ್ತಿನ ಸ್ವರಸಾಲಿಗೆ ಹೊಂದುವ ದಾಟನ್ನು. ಆದರೂ ಹೊಸಬರು ಮೊದಲು ಆಲ್ಟರ್ನೇಟ್ ಕಲಿಯುವುದೇ ಒಳ್ಳೆಯದು. ಎಕಾನಮಿಯಲ್ಲಿ ತಂತಿ ದಾಟುವ ಸ್ವರ ಹೊತ್ತಿಗೆ ಮುಂಚೆ ನುಗ್ಗುವ ಅಪಾಯ ಸದಾ ಇದೆ, ಅದನ್ನು ಹಿಡಿದು ನಿಲ್ಲಿಸಲು ಲಯ ಮೊದಲೇ ಗಟ್ಟಿಯಾಗಿರಬೇಕು.

ಅನುಮಾನವಿದ್ದವರು ಮೆಟ್ರೋನೋಮನ್ನು 60ಕ್ಕೆ ಇಟ್ಟು, ತಂತಿಗೆ ಮೂರು ಸ್ವರದ ಜಿ ಮೇಜರ್ ಸ್ಕೇಲನ್ನು ಎರಡೂ ಬಗೆಯಲ್ಲಿ ನುಡಿಸಿ ಫೋನಿನಲ್ಲಿ ಧ್ವನಿಮುದ್ರಿಸಲಿ. ತಂತಿ ದಾಟುವ ಜಾಗಗಳನ್ನಷ್ಟೇ ಕಿವಿಗೊಟ್ಟು ಕೇಳಲಿ. ಎಲ್ಲಿ ಸ್ವರ ಬಡಿತಕ್ಕಿಂತ ಮುಂದೆ ಓಡುತ್ತದೆಯೋ ಅಲ್ಲಿಂದ ಅಭ್ಯಾಸ ಶುರುಮಾಡಲಿ.