ನೀರು ಬಂತು, ಜ್ವರವೂ ಬಂತು
(ನಮ್ಮ ಸೀಮೆಯ ದುಡಿಯುವ ಜನರ ಆರೋಗ್ಯದ ಚರಿತ್ರೆ)

'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಕೆಸರಿಗೆ ಇಳಿದ ಆ ಕೈಕಾಲಿಗೆ ಏನಾಯ್ತು ಅಂತ ಕೇಳಿದವರು ಕಡಿಮೆ. ನಮ್ಮ ಸಂಘವು 25 ವರ್ಷ ತುಂಬಿ ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸಾಲ, ಗೊಬ್ಬರ, ಬಿತ್ತನೆ ಬೀಜದ ಲೆಕ್ಕ ಬರೆಯುವವರು ಬೇರೆಯವರಿದ್ದಾರೆ. ನಾನು ದುಡಿಯುವ ಮೈಯ ಲೆಕ್ಕವನ್ನು ಸದಸ್ಯ ಬಾಂಧವರ ಮುಂದೆ ಇಡಬೇಕೆಂದಿದ್ದೇನೆ.

ಪಟ್ಟಣದ ಚಳಿಜ್ವರ

ಶ್ರೀರಂಗಪಟ್ಟಣಕ್ಕೆ ಜ್ವರದ ಊರು ಎಂಬ ಹೆಸರು ಹಳೆಯದು. 1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ಮೇಲೆ ಇಂಗ್ಲಿಷರ ದಂಡು ಇಲ್ಲೇ ಬೀಡುಬಿಟ್ಟಿತು. ಸಿಪಾಯಿಗಳು ಚಳಿಜ್ವರದಿಂದ ನರಳತೊಡಗಿದರು. ಕೊನೆಗೆ 1809ರಲ್ಲಿ ದಂಡು ಬೆಂಗಳೂರಿಗೆ ಹೋಯಿತು. ಇಂದಿನ ಬೆಂಗಳೂರು ದಂಡು ಪ್ರದೇಶ ಹುಟ್ಟಿದ್ದರ ಹಿಂದೆ ನಮ್ಮ ಸೀಮೆಯ ಸೊಳ್ಳೆಗಳ ಪಾಲೂ ಇದೆ! ದಂಡಿನವರು ಗಂಟುಮೂಟೆ ಕಟ್ಟಿಕೊಂಡು ಹೋದರು. ಆದರೆ ಗದ್ದೆ ಉಳುವ ರೈತ, ನಾಟಿ ಹಾಕುವ ಹೆಣ್ಣಾಳು ಎಲ್ಲಿಗೆ ಹೋಗಬೇಕು? ಅವರು ಇಲ್ಲೇ ಉಳಿದರು, ಜ್ವರವೂ ಉಳಿಯಿತು.

ಆಗ ಈ ಜ್ವರ ಕೆಟ್ಟ ಗಾಳಿಯಿಂದ ಬರುತ್ತದೆ ಅಂತ ವೈದ್ಯರೇ ನಂಬಿದ್ದರು. ಕೆಲಕಾಲ ಬೆಂಗಳೂರಿನಲ್ಲೂ ಕೆಲಸ ಮಾಡಿದ್ದ ಡಾ. ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣುವನ್ನು ಕಂಡ ಮೇಲೆ ನಿಜ ಸಂಗತಿ ತಿಳಿಯಿತು.

ಕನ್ನಂಬಾಡಿ ಕಟ್ಟೆಯ ಆಳುಗಳು

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಮನೆಮನೆಯಲ್ಲೂ ಇದೆ, ಇರಬೇಕಾದದ್ದೇ. ಆದರೆ ಕಲ್ಲು ಹೊತ್ತು ಸುರ್ಕಿ ಗಾರೆ ಕಲಸಿದ ಸುಮಾರು 10 ಸಾವಿರ ಕೂಲಿಕಾರರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಹೊಳೆ ದಡದ ಬಿಡಾರಗಳಲ್ಲಿ ಇದ್ದ ಆ ಜನರನ್ನು ಮಲೇರಿಯಾ ಕಾಡಿತು. ಹಗಲು ಕಲ್ಲಿನ ಭಾರ, ರಾತ್ರಿ ಚಳಿಜ್ವರದ ನಡುಕ. ನಾವು ಇಂದು ಉಣ್ಣುವ ಅನ್ನದಲ್ಲಿ ಅವರ ಋಣ ಇದೆ.

1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆ ಸುರಂಗ ದಾಟಿ ಹರಿಯಿತು. ರಾಗಿ ಬೆಳೆಯುತ್ತಿದ್ದ ಹೊಲ ಭತ್ತ, ಕಬ್ಬಿನ ಗದ್ದೆಯಾಯಿತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. ಆದರೆ ನಾಲೆಯಿಂದ ಬಸಿದ ನೀರು ತಗ್ಗಿನಲ್ಲಿ ನಿಂತಿತು. ನೀರು ಬಿಡೋದಕ್ಕೆ ತೂಬು ಇತ್ತು, ನಿಂತ ನೀರು ಹೋಗೋದಕ್ಕೆ ಬಸಿಗಾಲುವೆ ಸಾಲದಾಯಿತು. ಸೊಳ್ಳೆಗೆ ಅಷ್ಟೇ ಸಾಕು. ನೀರಾವರಿ ಬಂದ ಊರುಗಳಲ್ಲಿ ಸಿರಿಯ ಜೊತೆ ಜ್ವರವೂ ಮನೆ ಹೊಕ್ಕಿತು.

ನಾಗನಹಳ್ಳಿಯಲ್ಲಿ ಸಂಶೋಧನೆ

ಇಲ್ಲಿಂದ ಮುಂದಿನದು ನಾವು ಹೆಮ್ಮೆಪಡುವಂಥ ಸಂಗತಿ. 1920ರ ದಶಕದ ಕೊನೆಗೇ ಮೈಸೂರು ಸರ್ಕಾರವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಂಶೋಧನೆ ಆರಂಭಿಸಿತ್ತು. ಅದಕ್ಕೆ ಆರಿಸಿದ ಜಾಗಗಳು ಮೂರು: ಮಲೆನಾಡಿಗೆ ಮೂಡಿಗೆರೆ, ಬಯಲುಸೀಮೆಗೆ ಹಿರಿಯೂರು, ಕಾವೇರಿ ನಾಲೆಗಳ ಸೀಮೆಗೆ ಮೈಸೂರು–ಶ್ರೀರಂಗಪಟ್ಟಣದ ನಡುವಿನ ನಾಗನಹಳ್ಳಿ. ಡಾ. ಡಬ್ಲ್ಯೂ. ಸಿ. ಸ್ವೀಟ್, ಡಾ. ಬಿ. ಎ. ರಾವ್ ಮುಂತಾದವರು ಈ ಕೆಲಸದಲ್ಲಿ ತೊಡಗಿದರು.

ಎಲ್ಲ ಸೊಳ್ಳೆಯೂ ಮಲೇರಿಯಾ ತರೋದಿಲ್ಲ. ಬಯಲಿನ ನೀರಾವರಿ ಸೀಮೆಯಲ್ಲಿ ಅದನ್ನು ಹರಡುವ ಮುಖ್ಯ ಸೊಳ್ಳೆಗೆ ಅನಾಫಿಲಿಸ್ ಕ್ಯುಲಿಸಿಫೇಸೀಸ್ ಅಂತ ಹೆಸರು. ಅದು ಚರಂಡಿಯ ಕೊಳಕಲ್ಲಿ ಹುಟ್ಟುವುದಲ್ಲ, ಕಾಲುವೆ ಪಕ್ಕದ ತಿಳಿನೀರಿನಲ್ಲಿ ಹುಟ್ಟಿ, ದನದ ಕೊಟ್ಟಿಗೆಯಲ್ಲಿ, ಮನೆಯಲ್ಲಿ ತಂಗುವಂಥದು. ಸ್ವೀಟ್ ಮತ್ತು ರಾವ್ 1937ರಲ್ಲಿ ವಿವರಿಸಿದ ಇನ್ನೊಂದು ಸೊಳ್ಳೆಯ ತಳಿಗೆ 'ಮೈಸೊರೆನ್ಸಿಸ್' ಎಂದೇ ಹೆಸರು ಬಿತ್ತು. ಪ್ರಪಂಚದ ಶಾಸ್ತ್ರಗ್ರಂಥಗಳಲ್ಲಿ ಮೈಸೂರಿನ ಹೆಸರು ಹೀಗೂ ಉಳಿದಿದೆ. ಸೊಳ್ಳೆಮರಿ ತಿನ್ನುವ ಗ್ಯಾಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ತರಿಸಿ ಭಾರತಕ್ಕೆ ಪರಿಚಯಿಸಿದವರೂ ಬೆಂಗಳೂರಿನಲ್ಲಿದ್ದ ಡಾ. ರಾವ್ ಅವರೇ.

ತಿಳಿದದ್ದನ್ನು ಊರಿಗೆ ಮುಟ್ಟಿಸುವುದೂ ಅಷ್ಟೇ ಮುಖ್ಯ. 1929ರಲ್ಲಿ ಮಂಡ್ಯದಲ್ಲಿ ಆರೋಗ್ಯ ಘಟಕ ಆರಂಭವಾಯಿತು. ಕಾಯಿಲೆ ಬಂದ ಮೇಲೆ ಔಷಧ ಕೊಡುವುದಕ್ಕಿಂತ ಬಾರದಂತೆ ತಡೆಯುವುದು ಇಂಥ ಘಟಕದ ಗುರಿ. ಮುಂದೆ ರಾಮನಗರದಲ್ಲಿ ಆರೋಗ್ಯ ಸಿಬ್ಬಂದಿಗೆ ತರಬೇತಿ ಕೇಂದ್ರವೂ ಆಯಿತು. ಹುಡುಕಿ ತಿಳಿಯುವುದು, ತಿಳಿದದ್ದನ್ನು ಕಲಿಸುವುದು, ಈ ಎರಡೂ ಕೂಡಿದಾಗಲೇ ಕೂಲಿಕಾರನ ಮೈಗೆ ರಕ್ಷಣೆ ಸಿಕ್ಕಿತು.

ಸ್ವಾತಂತ್ರ್ಯ ಬಂದ ಮೇಲೆ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ಡಿ.ಡಿ.ಟಿ. ಹೊಡೆದರು, ಜ್ವರ ಇಳಿಯಿತು. ಇನ್ನೇನು ಮುಗೀತು ಅಂತ ಎಲ್ಲರೂ ಕೈಕಟ್ಟಿ ಕೂತರು. ಅಷ್ಟರಲ್ಲಿ ಸೊಳ್ಳೆ ಡಿ.ಡಿ.ಟಿ.ಯನ್ನೇ ಅರಗಿಸಿಕೊಂಡಿತು. 1976ರಲ್ಲಿ ದೇಶದಲ್ಲಿ 64 ಲಕ್ಷಕ್ಕೂ ಹೆಚ್ಚು ಜನರಿಗೆ ಮಲೇರಿಯಾ ಬಂತು. ಕಲಿಯೋದನ್ನ ನಿಲ್ಲಿಸಿದರೆ ಏನಾಗುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಗಾಣ ಮತ್ತು ಸಿಂಪಡಿಕೆ

ಹೇಮಾವತಿ ನಾಲೆಗಳಿಂದ ಕೆ.ಆರ್. ಪೇಟೆ, ಪಾಂಡವಪುರ, ನಾಗಮಂಗಲ ಸೀಮೆಗಳಿಗೂ ನೀರು ಬಂತು. ಕಬ್ಬು ಹೆಚ್ಚಿತು, ಆಲೆಮನೆಗಳೂ ಹೆಚ್ಚಿದವು. ಎತ್ತಿನ ಗಾಣ ನಿಧಾನ. ಕೂಗಿದರೆ ಎತ್ತು ನಿಲ್ಲುತ್ತಿತ್ತು. ಕರೆಂಟಿನ ಗಾಣ ಕೂಗಿದರೆ ನಿಲ್ಲುತ್ತದೆಯೇ? ಕಬ್ಬು ಕೊಡುವಾಗ ತೋಳು, ಟವಲ್ಲಿನ ಚುಂಗು ಸಿಕ್ಕಿಕೊಂಡರೆ ಕೈಯೇ ಹೋಗುತ್ತದೆ. ಕುದಿಯುವ ಕೊಪ್ಪರಿಗೆಯ ಬಳಿ ಕಾಲು ಜಾರಿದರೆ ಹೇಳುವುದೇ ಬೇಡ. ಕಾರ್ಖಾನೆಯ ಕಾರ್ಮಿಕರಿಗೆ 1948ರಲ್ಲೇ ಕಾಯಿದೆ ಆಯಿತು. ಒಕ್ಕಣೆ ಯಂತ್ರದಂಥ ಬೇಸಾಯದ ಯಂತ್ರಗಳ ಅಪಾಯ ತಪ್ಪಿಸಲು ಕೇಂದ್ರ ಸರ್ಕಾರ ಕಾಯಿದೆ ಮಾಡಿದ್ದು 1983ರಲ್ಲಿ. ಆದರೆ ಕಾಯಿದೆ ಪುಸ್ತಕದಲ್ಲಿದ್ದರೆ ಬೆರಳು ಉಳಿಯದು. ಗಾಣದ ಬಾಯಿಗೆ ತಡೆ ಇರಬೇಕು, ಸ್ವಿಚ್ಚು ಕೈಗೆಟುಕುವಂತಿರಬೇಕು. ದೂರದ ರಾಜ್ಯಗಳಿಂದ ಬಂದ ಆಳುಗಳಿಗೂ ಅವರ ಭಾಷೆಯಲ್ಲೇ ತಿಳಿಸಿ ಹೇಳಬೇಕು.

ಕೀಟನಾಶಕದ್ದೂ ಹಾಗೇ. ಡಬ್ಬಿಯ ಮೇಲಿನ ಬಣ್ಣ ವಿಷದ ಮಟ್ಟ ಹೇಳುತ್ತದೆ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಓದು ಬಾರದವರಿಗೂ ಅರ್ಥವಾಗಲೆಂದೇ ಬಣ್ಣ ಇಟ್ಟಿದ್ದು. ಆದರೂ ಬರಿಮೈಯಲ್ಲಿ, ಗಾಳಿಗೆ ಎದುರಾಗಿ ಸಿಂಪಡಿಸುವವರನ್ನೂ, ಅದೇ ಕೈಯಲ್ಲಿ ಬೀಡಿ ಹಚ್ಚುವವರನ್ನೂ ನಾವು ಕಾಣುತ್ತೇವೆ.

ನಮ್ಮ ಸಂಘದ ಮುಂದಿನ ಹೆಜ್ಜೆ

ಸಹಕಾರಕ್ಕೂ ಆರೋಗ್ಯಕ್ಕೂ ನಂಟಿದೆ. ನಮ್ಮ ಜಿಲ್ಲೆಯವರೇ ಆದ ಶ್ರೀ ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, 2003ರಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. ಸಹಕಾರಿ ಸದಸ್ಯರು ವರ್ಷಕ್ಕೆ 60 ರೂಪಾಯಿ ಕಟ್ಟಿ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಪಡೆಯುವಂತಾಯಿತು. 2018ರಲ್ಲಿ ನಿಂತ ಆ ಯೋಜನೆ 2023ರ ಆರಂಭಕ್ಕೆ ಮತ್ತೆ ಚಾಲ್ತಿಗೆ ಬಂತು. ಆದರೆ ಅದು ಪೆಟ್ಟು ಬಿದ್ದ ಮೇಲಿನ ಮಾತು. ಪೆಟ್ಟು ಬೀಳದಂತೆ ನೋಡುವುದು ನಮ್ಮ ಕೈಯಲ್ಲಿದೆ.

ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ವಿಜ್ಞಾನಿಗಳಿದ್ದಾರೆ. ನಾಗಮಂಗಲ ತಾಲೂಕಿನ ಬೆಳ್ಳೂರಿನಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ. ವರ್ಷಕ್ಕೊಮ್ಮೆ ಅವರನ್ನು ಕರೆಸಿ ಸಂಘದ ಅಂಗಳದಲ್ಲೇ ಶಿಬಿರ ನಡೆಸಬಹುದು. ಔಷಧಿ ಡಬ್ಬಿಯ ಜೊತೆಗೆ ಕೈಚೀಲ, ಮುಖಗವುಸು ಕೂಡ ಮಾರಬಹುದು. ಗಾಣಕ್ಕೆ ಸಾಲ ಕೊಡುವಾಗ ತಡೆ ಹಾಕಿಸಿದ್ದಾರೆಯೇ ಎಂದು ಒಂದು ಮಾತು ಕೇಳಬಹುದು. ಇದಕ್ಕೆ ಹೆಚ್ಚು ದುಡ್ಡು ಬೇಡ, ಮನಸ್ಸು ಬೇಕು.

ಕಟ್ಟೆ ಕಟ್ಟಿದವರ ಹೆಸರು ನಮಗೆ ಸಿಗಲಿಲ್ಲ. ಇಂದು ನಮ್ಮ ಗದ್ದೆ, ಆಲೆಮನೆಗಳಲ್ಲಿ ದುಡಿಯುವವರ ಹೆಸರು ನಮಗೆ ಗೊತ್ತು. ಅವರು ಬೆಳಿಗ್ಗೆ ಹೋದ ಹಾಗೇ ಸಂಜೆ ಕ್ಷೇಮವಾಗಿ ಮನೆಗೆ ಬರಲಿ. ಸಂಘ ಸುವರ್ಣ ಮಹೋತ್ಸವ ಆಚರಿಸುವ ಹೊತ್ತಿಗೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಲಾಭದ ಪುಟದ ಜೊತೆ ಈ ಪುಟವೂ ಇರಲೆಂದು ಹಾರೈಸುತ್ತೇನೆ.