ಜೀಪಿನ ಎತ್ತರ ಮತ್ತು ಕೊಡಚಾದ್ರಿಯ ದಾರಿ

ಕೊಲ್ಲೂರಿನಲ್ಲಿ ಮೂಕಾಂಬಿಕೆಯ ದರ್ಶನ ಮುಗಿಸಿ ಕೊಡಚಾದ್ರಿಗೆ ಹೊರಡುವವರು ಮೊದಲು ವಿಚಾರಿಸುವುದು ಜೀಪನ್ನು. ನಾಗೋಡಿ ಘಾಟಿಯನ್ನೇರಿ, ನಿಟ್ಟೂರಿನ ಕಡೆಯಿಂದ ಬೆಟ್ಟದ ಮಣ್ಣು ದಾರಿಯನ್ನು ಹಿಡಿದರೆ, ಕಲ್ಲು, ಕೊರಕಲು, ಕೆಸರುಗಳ ನಡುವೆ 1343 ಮೀಟರ್ ಎತ್ತರದ ಶಿಖರದ ಸಮೀಪಕ್ಕೆ ಜನರನ್ನು ಮುಟ್ಟಿಸುವ ವಾಹನ ಅದೊಂದೇ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಜೀಪಿನ ಒಡೆಯರಾಗಿದ್ದಾರೆ. ಅದರ ಬಾಡಿಯನ್ನು ಒಂದೆರಡು ಅಂಗುಲ ಎತ್ತರಿಸಿದರೆ ಹೇಗೆ ಎಂಬ ಚರ್ಚೆ ಅವರೊಳಗೆ ನಡೆಯುವುದುಂಟು. ಈ ಎತ್ತರದ ವಿಚಾರಕ್ಕೂ ಒಂದು ಇತಿಹಾಸವಿದೆ.

ಜೀಪು ಯುದ್ಧದ ಕೂಸು. 1940ರಲ್ಲಿ ಅಮೆರಿಕದ ಸೇನೆಯು ಹಗುರವಾದ, ನಾಲ್ಕೂ ಚಕ್ರಗಳಿಗೆ ಬಲ ದೊರೆಯುವ ವಾಹನವನ್ನು ಬಯಸಿತು. ಬ್ಯಾಂಟಮ್ ಕಂಪನಿ ಮೊದಲ ಮಾದರಿಯನ್ನು ಸಿದ್ಧಪಡಿಸಿತು. ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯು 1947ರಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಗೆ ತೊಡಗಿತು.

1953ರಲ್ಲಿ ವಿಲ್ಲೀಸ್ ಹೊರತಂದ ಸಿಜೆ-3ಬಿ ಮಾದರಿಯ ಬಾನೆಟ್ಟು ಮೊದಲಿನವುಗಳಿಗಿಂತ ಎತ್ತರವಾಗಿತ್ತು. ಹೊಸ ಎಂಜಿನ್ನಿನಲ್ಲಿ ಒಳಸೇವನೆಯ ವಾಲ್ವುಗಳನ್ನು ಸಿಲಿಂಡರಿನ ತಲೆಗೆ ಏರಿಸಿದ್ದರಿಂದ ಎಂಜಿನ್ನೇ ಉದ್ದವಾಗಿ, ಅದಕ್ಕೆ ಜಾಗ ಬೇಕಾಗಿತ್ತು. ಭಾರತದಲ್ಲಿ ದಶಕಗಳ ಕಾಲ ತಯಾರಾದದ್ದು ಈ ಎತ್ತರದ ಮೂಗಿನ ಜೀಪೇ. ಅಂದರೆ ಆ ಎತ್ತರಕ್ಕೊಂದು ಕಾರಣವಿತ್ತು, ಅದು ಅಲಂಕಾರವಾಗಿರಲಿಲ್ಲ.

ಈಗ ಬಾಡಿ ಎತ್ತರಿಸುವ ಕ್ರಮವನ್ನು ನೋಡೋಣ. ಜೀಪಿನ ಬಾಡಿಯು ಚಾಸಿಯ ಮೇಲೆ ರಬ್ಬರ್ ಬುಷ್ಷುಗಳ ಮೇಲೆ ಕುಳಿತಿದ್ದು, ಬೋಲ್ಟುಗಳಿಂದ ಬಿಗಿಯಲ್ಪಟ್ಟಿರುತ್ತದೆ. ಆ ಬೋಲ್ಟುಗಳನ್ನು ತೆಗೆದು, ನಡುವೆ ಒಂದೆರಡು ಅಂಗುಲದ ಗಟ್ಟಿ ತುಂಡುಗಳನ್ನಿಟ್ಟು, ಉದ್ದದ ಬೋಲ್ಟುಗಳಿಂದ ಬಿಗಿಯುತ್ತಾರೆ. ಸ್ಟೀರಿಂಗಿನ ದಂಡ, ಗೇರಿನ ಹಿಡಿ, ಡೀಸೆಲ್ ತುಂಬುವ ಕೊಳವೆ, ಬ್ರೇಕಿನ ಕೊಳವೆಗಳು, ವಿದ್ಯುತ್ ತಂತಿಗಳು ಇವೆಲ್ಲವೂ ಎಳೆತಕ್ಕೆ ಸಿಕ್ಕದಂತೆ ನೋಡಬೇಕು. ರೇಡಿಯೇಟರು ಬಾಡಿಯೊಡನೆ ಮೇಲೆದ್ದರೆ ಫ್ಯಾನಿನ ಸ್ಥಾನವನ್ನೂ ಪರೀಕ್ಷಿಸಬೇಕು.

ಇಲ್ಲೊಂದು ಸಣ್ಣ ಲೆಕ್ಕವಿದೆ. ಇಷ್ಟೆಲ್ಲ ಮಾಡಿದರೂ ಆಕ್ಸಲ್ ಇದ್ದಲ್ಲೇ ಇರುತ್ತದೆ. ಡಿಫರೆನ್ಶಿಯಲ್ಲಿನ ಗುಂಡು ಕಲ್ಲಿಗೆ ತಾಗುವುದು ಮೊದಲಿನ ಹಾಗೆಯೇ. ಬಾಡಿ ಮೇಲೆದ್ದುದರ ನಿಜವಾದ ಲಾಭವೆಂದರೆ ದೊಡ್ಡ ಟಯರಿಗೆ ಜಾಗ ದೊರೆಯುವುದು. ಟಯರಿನ ವ್ಯಾಸ ಎರಡು ಅಂಗುಲ ಹೆಚ್ಚಾದರೆ ಆಕ್ಸಲ್ ಏರುವುದು ಅದರ ಅರ್ಧ, ಅಂದರೆ ಒಂದೇ ಅಂಗುಲ. ನಮ್ಮ ಹಿರಿಯರ ಎತ್ತಿನಗಾಡಿಯ ರಹಸ್ಯವೂ ಇದೇ. ಐದು ಅಡಿ ವ್ಯಾಸದ ಚಕ್ರವಿದ್ದರೆ ಅಚ್ಚು ನೆಲದಿಂದ ಎರಡೂವರೆ ಅಡಿ ಮೇಲಿರುತ್ತದೆ. ಗದ್ದೆಯ ಕೆಸರನ್ನು ಗಾಡಿ ದಾಟುತ್ತಿದ್ದುದು ಚಕ್ರದ ಬಲದಿಂದಲೇ.

ಬಾಡಿ ಮೇಲೇರಿದಾಗ ಗುರುತ್ವಕೇಂದ್ರವೂ ಮೇಲೇರುತ್ತದೆ. ಚಕ್ರಗಳ ನಡುವಿನ ಅಗಲವಾದರೋ ಅಷ್ಟೇ. ಬೆಟ್ಟದ ಓರೆ ದಾರಿಯಲ್ಲಿ ನಿಧಾನವಾಗಿ ಸಾಗುವಾಗ ಚಾಲಕನಿಗೆ ಅದರ ಅರಿವಿರುತ್ತದೆ. ಆದರೆ ಅದೇ ಜೀಪು ಬೈಂದೂರಿನಿಂದ ಕುಂದಾಪುರ, ಬ್ರಹ್ಮಾವರಗಳತ್ತ 66ನೇ ಹೆದ್ದಾರಿಯಲ್ಲಿ ವೇಗವಾಗಿ ಓಡುವಾಗ, ಒಮ್ಮೆಲೇ ಸ್ಟೀರಿಂಗ್ ತಿರುಗಿಸಬೇಕಾಗಿ ಬಂದರೆ ಪರಿಣಾಮವೇನು? ಒಳಗೆ ಕುಳಿತವರು ನಿಮ್ಮನ್ನು ನಂಬಿ ಬಂದ ಯಾತ್ರಿಕರು. ಅನೇಕರು ದೂರದೂರಿನಿಂದ ಮಕ್ಕಳು ಮುದುಕರೊಡನೆ ಬಂದವರು.

ಕಾನೂನೂ ಇಲ್ಲಿ ಅಡ್ಡ ನಿಲ್ಲುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಕುರಿತು 2019ರ ಜನವರಿಯಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ತಯಾರಕರು ನಿಗದಿಪಡಿಸಿದ ಮೂಲ ವಿವರಗಳು ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಲಾಗದೆಂದು ಹೇಳಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆಮನೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. ಅವಘಡವಾದರೆ ವಿಮೆಯ ಹಣವೂ ತಕರಾರಿಗೆ ಬೀಳಬಹುದು.

ಆದ್ದರಿಂದ ಜೀಪು ಇಟ್ಟುಕೊಂಡ ನನ್ನ ಮಕ್ಕಳೇ, ಇರುವ ಸ್ಪ್ರಿಂಗು, ಬ್ರೇಕು, ಟಯರುಗಳನ್ನು ಮಳೆಗಾಲಕ್ಕೆ ಮೊದಲೇ ಚೆನ್ನಾಗಿಟ್ಟುಕೊಳ್ಳಿರಿ. ಬಾಡಿ ಎತ್ತರಿಸಲೇಬೇಕೆನಿಸಿದರೆ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಮೇಲಿನ ಲೆಕ್ಕವನ್ನು ಕಾಗದದ ಮೇಲೊಮ್ಮೆ ಮಾಡಿ ನೋಡಿರಿ.